ಹದಿನೈದು ವರ್ಷದ ಬೊಲೆರೊಗೆ ಎಫ್‌ಸಿ ಮಾಡಿಸಿದ್ದು: ನನ್ನ ಅನುಭವ

ನನ್ನ ಗಾಡಿ 2010ರ ಮಾಡೆಲ್ ಬೊಲೆರೊ ಜೀಪು. ಕಲಬುರಗಿಯ ಕೆಎ-32 ನಂಬರ್, ಬಿಎಸ್-3 (ಹೊಗೆ ಮಿತಿಯ ಹಳೇ ಹಂತ) ಡೀಸೆಲ್, ಬಿಳಿ ಬೋರ್ಡ್. ಸೇಡಂ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ನನ್ನ ಕೈಗೆ ಬರೋಕೆ ಮುಂಚೆ ಕಲ್ಲಿನ ಗಣಿಗಳ ದಾರಿಯಲ್ಲೇ ಓಡಾಡಿತ್ತು. ಹದಿನೈದು ವರ್ಷ ತುಂಬಿದ ಮೇಲೆ ಖಾಸಗಿ ಗಾಡಿಯ ಆರ್‌ಸಿ ಮುಂದುವರಿಸಬೇಕು ಅಂದ್ರೆ ಆರ್‌ಟಿಓದಲ್ಲಿ ಗಾಡಿ ತೋರಿಸಿ ಪಾಸ್ ಮಾಡಿಸಬೇಕು. ಪಾಸಾದರೆ ಮತ್ತೆ ಐದು ವರ್ಷ. ನಮ್ಮ ಕಡೆ ಎಲ್ಲರೂ ಇದನ್ನ ಎಫ್‌ಸಿ, ಅಂದ್ರೆ ಫಿಟ್‌ನೆಸ್ ಸರ್ಟಿಫಿಕೇಟ್, ಅಂತಲೇ ಅನ್ನೋದು.

ಕಾಗದದ ಕೆಲಸ ದೊಡ್ಡದೇನಲ್ಲ. ಫಾರಂ 25, ಚಾಲ್ತಿಯಲ್ಲಿರೋ ಇನ್ಶೂರೆನ್ಸ್, ಹೊಗೆ ಚೀಟಿ, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್. ಅವಧಿ ಮುಗಿಯೋಕೆ 60 ದಿನ ಇರುವಾಗಿಂದ ಅರ್ಜಿ ಹಾಕಬಹುದು. ಕಾರು, ಜೀಪಿಗೆ 600 ಇದ್ದ ಫೀ 2022ರ ಏಪ್ರಿಲ್‌ನಿಂದ 5000 ಆಗಿದೆ, ತಡ ಮಾಡಿದರೆ ತಿಂಗಳಿಗೆ 500 ಬೇರೆ. ಅದಕ್ಕೇ ನಾನು ಮೊದಲು ಗಾಡಿ ರೆಡಿ ಮಾಡಿ, ಆಮೇಲೆ ಅರ್ಜಿ ಹಾಕಿದೆ.

ಶುರು ಮಾಡಿದ್ದು ಹೊಗೆಯಿಂದ. ಹಳೇ ಮಾಲೀಕರು ಹೊಗೆ ಚೀಟಿಗಳನ್ನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲೇ ಬಿಟ್ಟಿದ್ದರು, ನಾನೂ ಒಂದನ್ನೂ ಎಸೆದಿಲ್ಲ. ಡೀಸೆಲ್ ಗಾಡಿಯ ಚೀಟಿಯಲ್ಲಿ ಕೆ ವ್ಯಾಲ್ಯೂ ಅಂತ ಒಂದು ನಂಬರ್ ಇರುತ್ತೆ, ಹೊಗೆ ಎಷ್ಟು ದಟ್ಟ ಅನ್ನೋದರ ಅಳತೆ. ಬಿಎಸ್-3 ಮತ್ತು ಅದಕ್ಕಿಂತ ಹಳೇ ಗಾಡಿಗೆ ಅದು 2.45 ದಾಟಬಾರದು, ಬಿಎಸ್-4 ಗಾಡಿಗೆ 1.62. ಎಲ್ಲರೂ ಪಾಸ್ ಅನ್ನೋ ಅಕ್ಷರ ನೋಡಿ ಚೀಟಿ ಮಡಚಿ ಇಡ್ತಾರೆ, ಆ ನಂಬರ್ ಯಾರೂ ನೋಡಲ್ಲ. ತಾರೀಖಿನ ಪ್ರಕಾರ ಸಾಲಾಗಿ ಇಟ್ಟು ನೋಡಿದರೆ ನನ್ನ ಗಾಡಿಯದು ಸಲಸಲಕ್ಕೂ ಏರುತ್ತಾ ಬಂದು 2.2ರ ಹತ್ತಿರ ನಿಂತಿತ್ತು. ಪಾಸೇ, ಆದರೆ ಇನ್ನೊಂದು ಚೂರು ಏರಿದರೆ ಫೇಲ್. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಬಿಚ್ಚೋಣ ಅಂದರು ಮಿಸ್ತ್ರಿ. ತಡೀರಿ, ಮೊದಲು ಗಾಳಿ ಬರೋ ದಾರಿ ನೋಡೋಣ ಅಂದೆ. ಏರ್ ಫಿಲ್ಟರ್ ತೆಗೆದು ಬಡಿದರೆ ಕಲ್ಲಿನ ಪುಡಿ ಹಿಟ್ಟು ಚೆಲ್ಲಿದ ಹಾಗೆ ಬಿತ್ತು. ಇಂಜಿನ್ನಿಗೆ ಗಾಳಿ ಒತ್ತೋ ಟರ್ಬೊದ ಪೈಪಿನ ಕ್ಲಿಪ್ ಹತ್ತಿರ ಎಣ್ಣೆಯ ಗೆರೆ ಇತ್ತು, ಒರೆಸಿ ನೋಡಿದರೆ ಕೂದಲೆಳೆಯಷ್ಟು ಬಿರುಕು. ಇಂಜಿನ್ನಿಗೆ ಗಾಳಿ ಸಾಲದಿದ್ದರೆ ಡೀಸೆಲ್ ಪೂರ್ತಿ ಉರಿಯಲ್ಲ, ಕಪ್ಪು ಹೊಗೆ ಬಂದೇ ಬರುತ್ತೆ. ಪೈಪು, ಫಿಲ್ಟರ್ ಎರಡೂ ಬದಲಾಯಿಸಿ, ಇಂಜಿನ್ ಚೆನ್ನಾಗಿ ಬಿಸಿಯಾಗೋವರೆಗೆ ಓಡಿಸಿ ಮತ್ತೆ ಟೆಸ್ಟ್ ಮಾಡಿಸಿದೆ. 1.3ಕ್ಕೆ ಇಳಿಯಿತು. ಇಂಜೆಕ್ಟರ್ ಮುಟ್ಟಲೇ ಇಲ್ಲ. ಅಂದ ಹಾಗೆ, ಸೈಲೆನ್ಸರ್‌ಗೆ ಪೈಪ್ ಹಾಕದೇ ಸುಮ್ನೆ ಚೀಟಿ ಹರಿದು ಕೊಡೋ ಕಡೆ ಹೋಗಬೇಡಿ, ಆ ಚೀಟಿಯಿಂದ ನಿಮಗೇ ಏನೂ ಗೊತ್ತಾಗಲ್ಲ.

ಮುಂದೆ ಸ್ಟೇರಿಂಗ್. ಸ್ಟೇರಿಂಗ್ ವೀಲಿನ ಪ್ಲೇ 30 ಡಿಗ್ರಿ ಮೀರಬಾರದು ಅಂತ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಮನೆ ಮುಂದೆಯೇ ನೋಡಬಹುದು. ಚಕ್ರ ನೇರ ಇಟ್ಟು, ಇಂಜಿನ್ ಚಾಲೂ ಮಾಡಿ, ಸ್ಟೇರಿಂಗ್ ಮೇಲ್ತುದಿಗೆ ಒಂದು ದಾರ ಕಟ್ಟಿ. ಒಬ್ಬರು ಮುಂದಿನ ಟೈರ್ ನೋಡುತ್ತಾ ನಿಲ್ಲಲಿ, ನೀವು ನಿಧಾನಕ್ಕೆ ತಿರುಗಿಸಿ. ಟೈರ್ ಅಲುಗೋವರೆಗೆ ದಾರ ಎಷ್ಟು ಸರಿಯಿತೋ ಅದೇ ಪ್ಲೇ. ಗಡಿಯಾರದಲ್ಲಿ ಹನ್ನೆರಡರಿಂದ ಒಂದಕ್ಕೆ ಎಷ್ಟು ದೂರವೋ ಅಷ್ಟು 30 ಡಿಗ್ರಿ. ಪ್ಲೇ ಜಾಸ್ತಿ ಇದ್ದರೆ ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನ ಎಡಬಲ ಹಿಡಿದು ಅಲ್ಲಾಡಿಸಿ. ಹಾಗೆ ಲೂಸ್ ಇದ್ದರೆ ಬಹುಮಟ್ಟಿಗೆ ಟೈ ರಾಡ್ ಎಂಡ್, ಅಂದ್ರೆ ಸ್ಟೇರಿಂಗ್ ರಾಡ್ ಚಕ್ರಕ್ಕೆ ಸೇರೋ ಕೀಲು. ಮೇಲೆ ಕೆಳಗೆ ಹಿಡಿದಾಗ ಅಲುಗಿದರೆ ಬಾಲ್ ಜಾಯಿಂಟ್, ಇಲ್ಲವೇ ಬೇರಿಂಗ್. ನನ್ನದರಲ್ಲಿ ಎಡಗಡೆ ಟೈ ರಾಡ್ ಎಂಡ್ ಹೋಗಿತ್ತು. ಒಂದೇ ಸಾಕು ಅಂದರು ಮಿಸ್ತ್ರಿ, ನಾನು ಎರಡೂ ಕಡೆ ಹಾಕಿಸಿದೆ, ಆಮೇಲೆ ಅಲೈನ್‌ಮೆಂಟ್.

ಬ್ರೇಕಿನ ಕಥೆ ನಮ್ಮ ಎರೆ ಮಣ್ಣಿನದೇ. ಖಾಲಿ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಗಾಡಿ ಒಂದು ಕಡೆ ಎಳೆಯುತ್ತಿತ್ತು. ಹಿಂದಿನ ಡ್ರಮ್ ಬಿಚ್ಚಿದರೆ ಒಂದರಲ್ಲಿ ಎರೆ ಮಣ್ಣು, ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ಮಧ್ಯದ ಗೇರ್) ಎಣ್ಣೆ ಎರಡೂ ಕಲೆತು ಕರಿ ರಾಡಿಯಾಗಿತ್ತು. ಆಕ್ಸಲ್ ಆಯಿಲ್ ಸೀಲ್ ಸೋರಿ ಬ್ರೇಕ್ ಶೂ ನೆನೆದುಬಿಟ್ಟಿದೆ. ಇಲ್ಲಿ ಒಂದು ವಿಷಯ ಜರೂರು ನೋಡಬೇಕು. ಹಿಂದಿನ ಆಕ್ಸಲ್ ಮೇಲೆ ಗಾಳಿ ಬಿಡೋ ಸಣ್ಣ ಬ್ರೀದರ್ ಇರುತ್ತೆ. ಮಳೆಗಾಲದಲ್ಲಿ ಹೊಲದ ದಾರಿ ಹಿಡಿದ ಗಾಡಿಗಳಲ್ಲಿ ಅದು ಮಣ್ಣು ಕಟ್ಟಿ ಮುಚ್ಚಿಹೋಗುತ್ತೆ. ಒಳಗೆ ಬಿಸಿಯಾದ ಗಾಳಿಗೆ ಹೊರಗೆ ಹೋಗೋಕೆ ದಾರಿ ಇಲ್ಲದೆ ಎಣ್ಣೆಯನ್ನ ಸೀಲಿನಿಂದ ಹೊರಗೆ ತಳ್ಳುತ್ತೆ. ಬ್ರೀದರ್ ಬಿಡಿಸದೆ ಹೊಸ ಸೀಲ್ ಹಾಕಿದರೆ ಅದೂ ಸೋರುತ್ತೆ, ಆಗ ಸೀಲ್ ಡೂಪ್ಲಿಕೇಟ್ ಅಂತ ಅಂಗಡಿಯವನನ್ನ ಬೈಯ್ಯೋದು. ಎಣ್ಣೆ ಕುಡಿದ ಶೂ ತೊಳೆದು ಮತ್ತೆ ಹಾಕೋ ಆಸೆ ಬೇಡ, ಹೊಸದೇ ಹಾಕಿಸಿ.

ಚಾಸಿಸ್ ನಂಬರ್ ಬಗ್ಗೆ ಯಾರೂ ಮುಂಚೆ ಹೇಳಲ್ಲ. ಫ್ರೇಮಿನ ಮೇಲೆ ಕೊರೆದ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ, ಆರ್‌ಸಿಯಲ್ಲಿ ಇರೋದಕ್ಕೆ ಅದು ತಾಳೆ ಆಗಬೇಕು. ಹದಿನೈದು ವರ್ಷದ ಮಣ್ಣು, ತುಕ್ಕು ಕೂತಿದ್ದರೆ ಅಕ್ಷರ ಮೂಡಲ್ಲ. ಡೀಸೆಲ್ ಹಾಕಿದ ಬಟ್ಟೆ ರಾತ್ರಿಯಿಡೀ ಸುತ್ತಿಟ್ಟು, ಬೆಳಿಗ್ಗೆ ನೈಲಾನ್ ಬ್ರಷ್‌ನಲ್ಲಿ ಉಜ್ಜಿದೆ, ಬಿಟ್ಟಿತು. ಗ್ರೈಂಡರ್ ಮಾತ್ರ ಹಚ್ಚಬೇಡಿ. ನಂಬರ್ ಸವೆದರೆ ಗಾಡಿ ಕಳ್ಳತನದ್ದಾ ಅನ್ನೋ ಅನುಮಾನ ಶುರುವಾಗುತ್ತೆ. ಅದೇ ಹೊತ್ತಿಗೆ ಫ್ರೇಮಿನ ಮೂಲೆಗಳಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಟಣ್ ಅಂದರೆ ಸರಿ, ಮೊಂಡು ಸದ್ದು ಬಂದರೆ ಮಣ್ಣು ತೆಗೆದು ತುಕ್ಕು ನೋಡಿ.

ಉಳಿದದ್ದು ಚಿಲ್ಲರೆ. ನಂಬರ್ ಪ್ಲೇಟ್ ಲೈಟು, ರಿವರ್ಸ್ ಲೈಟು, ವೈಪರ್, ಹಾರ್ನ್, ಸೀಟ್ ಬೆಲ್ಟು. ಟೈರ್ ಗೀರು 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಕಪ್ಪು ಫಿಲ್ಮನ್ನ ಸುಪ್ರೀಂ ಕೋರ್ಟ್ 2012ರಲ್ಲೇ ಬೇಡ ಅಂದಿದೆ, ಮುಂದಿನ ಬುಲ್ ಗಾರ್ಡ್ ತೆಗೆಸಿ ಅಂತ 2017ರಲ್ಲಿ ಕೇಂದ್ರದಿಂದ ಪತ್ರ ಬಂದಿದೆ. ನನ್ನ ಗಾಡಿಗೆ ಎರಡೂ ಇದ್ದವು. ಗಾರ್ಡ್ ಬಿಚ್ಚಿಸಿದ್ದಕ್ಕೆ ಅಳಿಯ ಬೇಜಾರು ಮಾಡಿಕೊಂಡ, ಇರಲಿ.

ಇನ್‌ಸ್ಪೆಕ್ಟರ್ ನೋಡಿದ್ದು ಸ್ವಲ್ಪ ಹೊತ್ತು. ಲೈಟು ಹಾಕಿಸಿದರು, ಬ್ರೇಕ್ ನೋಡಿದರು, ಅಚ್ಚು ತಾಳೆ ನೋಡಿದರು, ಪಾಸ್. ರೇಡಿಯೇಟರ್ ಮುಚ್ಚಳ ಯಾರೂ ತೆಗೆದು ನೋಡಲಿಲ್ಲ. ಆದರೆ ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲಿಗೆ ಜೇವರ್ಗಿ ರಸ್ತೆಯಲ್ಲಿ ಗಾಡಿ ಕೆಟ್ಟು ನಿಲ್ಲೋ ಹಾಗೆ ಮಾಡೋದು ರೇಡಿಯೇಟರೇ ಅಲ್ವಾ? ಕೂಲೆಂಟ್ ಬದಲು ಬೋರಿನ ಸವಳು ನೀರು ಸುರಿದು ಸುರಿದು ಒಳಗೆ ಸುಣ್ಣ ಕಟ್ಟಿರುತ್ತೆ. ನಾನು ರೇಡಿಯೇಟರ್ ಬಿಚ್ಚಿಸಿ ರಾಡಿಂಗ್ (ಒಳಗಿನ ಕೊಳವೆಗಳಿಗೆ ಕಡ್ಡಿ ಹಾಕಿ ಸುಣ್ಣ ತೆಗೆಯೋದು) ಮಾಡಿಸಿ ಕೂಲೆಂಟ್ ಹಾಕಿಸಿದೆ. ಎಫ್‌ಸಿಗೆ ಅಂತ ಮಾಡಿದ ಅಷ್ಟೂ ಖರ್ಚಿಗಿಂತ ಈ ಒಂದು ಕೆಲಸ ನನಗೆ ಜಾಸ್ತಿ ಉಪಯೋಗಕ್ಕೆ ಬಂತು. ಹಾಗಾಗಿ ಹಳೇ ಗಾಡಿ ನೋಡೋಕೆ ಹೋದಾಗ ಮಾರೋರು ಹೊಸ ಎಫ್‌ಸಿ ಇದೆ ಅಂದರೆ ನಾನು ಅದಕ್ಕೆ ಒಂದು ರೂಪಾಯಿನೂ ಜಾಸ್ತಿ ಕೊಡಲ್ಲ. ಹೊಗೆ ಚೀಟಿಗಳ ಕಟ್ಟು ಕೇಳ್ತೀನಿ, ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಬೆರಳು ಹಾಕ್ತೀನಿ. ಸೋಲಾಪುರದ ಎಂಎಚ್-13 ಗಾಡಿ ಅಗ್ಗಕ್ಕೆ ಸಿಗುತ್ತೆ ಅಂತ ಹೋಗುವವರು ಎನ್‌ಓಸಿ (ಅಲ್ಲಿನ ಆರ್‌ಟಿಓ ಕೊಡೋ ಒಪ್ಪಿಗೆ ಪತ್ರ) ಮತ್ತು ಇಲ್ಲಿ ಕಟ್ಟೋ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿ.

ನನ್ನ ಗಾಡಿಯಲ್ಲಿ ಈಗ ಬಾಕಿ ಇರೋದು ಹಿಂದಿನ ಪಾಟಾದ (ಪಟ್ಟಿ ಸ್ಪ್ರಿಂಗಿನ) ಬುಷ್ ಮತ್ತು ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದ್ರೆ ಅದರ ಕೀಲು. ಕ್ಲಚ್ ಬಿಟ್ಟ ಕೂಡಲೇ ಕೆಳಗೆ ಟಕ್ ಅನ್ನುತ್ತೆ. ಎಫ್‌ಸಿಗೆ ಅದು ಅಡ್ಡ ಬರಲಿಲ್ಲ. ತೊಗರಿ ರಾಶಿ ಮುಗಿದ ಮೇಲೆ ಎರಡೂ ಒಟ್ಟಿಗೆ ಮಾಡಿಸ್ತೀನಿ.