ವ್ಯಾನೆಟ್ ಪ್ರಾಜೆಕ್ಟಿಗೆ ನಂತೂರು ಸರ್ಕಲ್ ಸಾಕು

ಫೈನಲ್ ಇಯರ್‌ಗೆ ವ್ಯಾನೆಟ್ ತಗೊಂಡವ್ರೇ, ಅಂದ್ರೆ ಗಾಡಿಗಳು ವೈರ್‌ಲೆಸ್‌ನಲ್ಲಿ ಒಂದಕ್ಕೊಂದು ಮಾಹಿತಿ ದಾಟಿಸೋ ನೆಟ್‌ವರ್ಕ್, ವೇನ್ಸ್ ಸಾಫ್ಟ್‌ವೇರ್ ಜೊತೆ ಬರೋ ಸ್ಯಾಂಪಲನ್ನು ಹಾಗೇ ರನ್ ಮಾಡಿ ರಿಪೋರ್ಟ್ ಬರೀಬೇಡಿ ಮಾರ್ರೆ. ಅದ್ರಲ್ಲಿರೋ ಮ್ಯಾಪ್ ಜರ್ಮನಿಯ ಎರ್ಲಾಂಗೆನ್ ಊರಿಂದು, ನಮ್ಗೆ ಇಲ್ಲೇ ಮಂಗಳೂರಲ್ಲಿ ನಂತೂರು ಉಂಟಲ್ಲ.

ಇದೆಲ್ಲ ಕಂಪ್ಯೂಟರಲ್ಲೇ ನಡೆಯೋ ಸಿಮ್ಯುಲೇಶನ್. ಗಾಡಿ ಓಡಿಸ್ಲಿಕ್ಕೆ ಸುಮೊ, ಪ್ಯಾಕೆಟ್ ಕಳಿಸ್ಲಿಕ್ಕೆ ಓಮ್ನೆಟ್, ಎರಡನ್ನೂ ಜೋಡಿಸ್ಲಿಕ್ಕೆ ವೇನ್ಸ್. ವರ್ಷನ್ ಹೊಂದದಿದ್ರೆ ತಲೆ ಕೆಡ್ತದೆ, ವೇನ್ಸ್ ಸೈಟಲ್ಲಿ ಹೇಳಿದ್ದನ್ನೇ ಹಾಕಿ.

ಸುಮೊ ಜೊತೆ ಬರೋ ಓಎಸ್‌ಎಂ ವೆಬ್ ವಿಜಾರ್ಡ್ (ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆ ತರೋ ಟೂಲ್) ಓಪನ್ ಮಾಡಿ ಮ್ಯಾಪ್ ಮೇಲೆ ಕೆಪಿಟಿ ಜಂಕ್ಷನ್‌ನಿಂದ ಪಂಪ್‌ವೆಲ್‌ವರೆಗೆ ಬಾಕ್ಸ್ ಎಳೀರಿ, ಲೆಫ್ಟ್ ಹ್ಯಾಂಡ್ ಟ್ರಾಫಿಕ್ ಟಿಕ್ ಮಾಡಿ, ಇಲ್ಲದಿದ್ರೆ ಬಸ್ಸೆಲ್ಲ ಬಲಗಡೆ ಓಡ್ತದೆ. ರಿಕ್ಷಾಕ್ಕೆ ಬೇರೆ ಟಿಕ್ ಇಲ್ಲ, ಅದರ ಉದ್ದ ಸ್ಪೀಡ್ ನಾವೇ ಬರೀಬೇಕು.

ಈಗ ಅಸಲಿ ವಿಷಯ. ವೇನ್ಸ್ ಡೆಮೊ ಕೋಡಲ್ಲಿ 10 ಸೆಕೆಂಡ್ ನಿಂತ ಗಾಡಿ ಆಕ್ಸಿಡೆಂಟ್ ಅಂತ ಮೆಸೇಜ್ ಬಿಡ್ತದೆ, ಕೇಳಿದ ಗಾಡಿ ದಾರಿ ಬದಲಿಸ್ತದೆ. ಎರ್ಲಾಂಗೆನ್‌ಗೆ ಸರಿ, ನಂತೂರಲ್ಲಿ ಸಂಜೆ 10 ಸೆಕೆಂಡ್ ನಿಲ್ಲದ ಗಾಡಿ ಯಾವುದು? ಎಲ್ಲರೂ ಆಕ್ಸಿಡೆಂಟ್ ಅಂತ ಕೂಗಿದ್ರೆ ಎಂತ ಪ್ರಯೋಜನ. ಹಾಗಾಗಿ ವಿತ್ ಬೀಕನಿಂಗ್ ಕಾನ್ಫಿಗ್ ಆನ್ ಮಾಡಿ, ಪ್ರತಿ ಗಾಡಿ ಆಗಾಗ ತಾನಾಗಿ ಬಿಡೋ ಚಿಕ್ಕ ಮೆಸೇಜ್, ಅಂದ್ರೆ ಬೀಕನ್‌ನಲ್ಲಿ ಅದರ ಜಾಗ, ಸ್ಪೀಡ್ ಬರ್ತದೆ, ಅಕ್ಕಪಕ್ಕದವರ ಪಟ್ಟಿ ಇಟ್ಕೊಳ್ಳಿ. ನಾನೂ ನಿಂತಿದ್ದೇನೆ, ಸುತ್ತಲಿನವ್ರೂ ನಿಂತಿದ್ದಾರೆ ಅಂದ್ರೆ ಜಾಮ್. ನಾನೊಬ್ಬನೇ ನಿಂತು ಉಳಿದವ್ರು ದಾಟಿ ಹೋಗ್ತಿದ್ರೆ ಆಗ ಮಾತ್ರ ಆಕ್ಸಿಡೆಂಟ್ ಮೆಸೇಜ್. ಪ್ರಾಜೆಕ್ಟ್ ಟೈಟಲ್‌ನಲ್ಲಿ ಕೋ-ಆಪರೇಟಿವ್ ಅಂತ ಹಾಕಿದ್ರೆ ಇಷ್ಟಾದ್ರೂ ಬೇಕಲ್ವಾ.

ಬೀಕನ್ ಜಾಸ್ತಿ ಬಿಟ್ರೆ ಒಳ್ಳೇದು ಅಂದ್ಕೋಬೇಡಿ. ಗಾಡಿಗಳ ವೈಫೈ ಸ್ಟ್ಯಾಂಡರ್ಡ್ ಆದ 802.11ಪಿ ಯಲ್ಲಿ 6 ಎಂಬಿಪಿಎಸ್‌ಗೆ 300 ಬೈಟ್ ಕಳಿಸ್ಲಿಕ್ಕೆ 0.4 ಮಿಲಿಸೆಕೆಂಡ್, 100 ಗಾಡಿ ಸೆಕೆಂಡಿಗೆ 10 ಸಲ ಕಳಿಸಿದ್ರೆ ಅಷ್ಟಕ್ಕೇ ಚಾನೆಲ್‌ನ 40% ಹೋಯ್ತು, ಹೆಡರ್, ಕಾಯೋ ಟೈಮ್ ಬೇರೆ. ಮೆಸೇಜ್ ಮುಂದಕ್ಕೆ ದಾಟಿಸುವಾಗ್ಲೂ ಅಷ್ಟೇ, ತಕ್ಷಣ ಕಳಿಸ್ಬೇಡಿ, ರ‍್ಯಾಂಡಮ್ ಆಗಿ ಸ್ವಲ್ಪ ಕಾಯಿರಿ, ಅಷ್ಟರಲ್ಲಿ ಅದೇ ಐಡಿಯ ಮೆಸೇಜ್ ಬೇರೆಯವ್ರಿಂದ ಎರಡು ಸಲ ಕೇಳಿದ್ರೆ ಸುಮ್ನಿರಿ.

ಕೊನೆಗೆ ಮೆಸೇಜ್ ಎಷ್ಟು ಗಾಡಿಗೆ ಮುಟ್ಟಿತು, ಎಷ್ಟು ಹೊತ್ತಾಯ್ತು, ಚಾನೆಲ್ ಎಷ್ಟು ಬಿಜಿ, ಈ ಮೂರನ್ನು ಗಾಡಿ ಸಂಖ್ಯೆ ಏರಿಸ್ತಾ ಗ್ರಾಫ್ ಮಾಡಿ. ಒಂದೇ ಸೀಡ್‌ನ (ರ‍್ಯಾಂಡಮ್ ಸಂಖ್ಯೆ ಶುರುವಾಗೋ ಅಂಕಿ) ರನ್ ಹಿಡ್ಕೊಂಡು ವೈವಾಕ್ಕೆ ಹೋದ್ರೆ ಮೊದಲ ಪ್ರಶ್ನೆಯೇ ಅದ್ರ ಮೇಲೆ ಬರ್ತದೆ.