ಶಿಮೆಜಿ ಓಪನ್ ಆಗ್ತಿಲ್ವಾ? ಇದನ್ನು ನೋಡಿ

ಸ್ಕ್ರೀನ್ ಮೇಲೆ ಓಡಾಡುವ ಶಿಮೆಜಿ ಗೊಂಬೆ ಡೌನ್‌ಲೋಡ್ ಮಾಡಿದರೂ ಓಪನ್ ಆಗ್ತಿಲ್ವಾ? ಜಿಪ್ ಫೈಲ್ ಒಳಗಿಂದಲೇ ಓಡಿಸಬೇಡಿ, ಮೊದಲು ಪೂರ್ತಿ ಎಕ್ಸ್‌ಟ್ರಾಕ್ಟ್ ಮಾಡಿ. ಆಮೇಲೆ ಕಂಪ್ಯೂಟರಿನಲ್ಲಿ ಜಾವಾ (ಕೆಲವು ಪ್ರೋಗ್ರಾಂ ಓಡಲು ಬೇಕಾದ ಸಾಫ್ಟ್‌ವೇರ್) ಇದೆಯಾ ನೋಡಿ. ಈ ಗೊಂಬೆಗಳನ್ನು ಓಡಿಸುವ ಪ್ರೋಗ್ರಾಂ ಶಿಮೆಜಿ-ಇಇ ನಡೆಯುವುದೇ ಅದರ ಮೇಲೆ. ಇದು ಗೊತ್ತಿಲ್ಲದೆ ನಾನು ಒಂದು ಸಂಜೆ ಸುಮ್ನೆ ಹಾಳು ಮಾಡಿಕೊಂಡೆ.

ಹೊಸ ಪಾತ್ರ ಬೇಕಾದರೆ ಅದರ ಚಿತ್ರಗಳ ಫೋಲ್ಡರನ್ನು ಶಿಮೆಜಿ-ಇಇಯ 'ಐಎಂಜಿ' (img) ಫೋಲ್ಡರಿನೊಳಗೆ ಹಾಕಿ. ಚಿತ್ರಗಳ ಹೆಸರು ಮಾತ್ರ ಬದಲಿಸಬೇಡಿ, 'ಶಿಮೆ1' (shime1), 'ಶಿಮೆ2' (shime2) ಅಂತಲೇ ಇರಲಿ.

ಇವು ವಿಂಡೋ ಅಂಚು ಹತ್ತುತ್ತವೆ, ಧೊಪ್ಪನೆ ಬೀಳುತ್ತವೆ. ಮೌಸಿನಿಂದ ಹಿಡಿದು ಎಸೆಯುವುದೇ ಒಂದು ಮಜಾ! ಆದರೆ ತಾವಾಗೇ ಮರಿ ಹಾಕಿ ಜಾಸ್ತಿ ಆಗುತ್ತವೆ. ಗಡಿಯಾರದ ಪಕ್ಕದ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಎಲ್ಲವನ್ನೂ ಒಟ್ಟಿಗೆ ಮನೆಗೆ ಕಳಿಸಬಹುದು. ಮೀಟಿಂಗಿನಲ್ಲಿ ಸ್ಕ್ರೀನ್ ಶೇರ್ ಮಾಡುವ ಮುಂಚೆ ಮರೆಯದೆ ಕಳಿಸಿ.