ಫ್ರೀಜರ್‌ನ ಹಂದಿ ಮಾಂಸಕ್ಕೆ ಉಪ್ಪು-ಖಾರ ಹಿಡಿಯಬೇಕಾ?

ಪಂದಿ ಕರಿಗೆ (ಕೊಡಗಿನ ಹಂದಿ ಮಾಂಸದ ಸಾರು) ಊರಿನ ತಾಜಾ ಮಾಂಸ ಸಿಗದವರು ಫ್ರೀಜರ್‌ನದ್ದನ್ನೇ ತರುತ್ತೀರಿ ಅಲ್ವಾ? ಗಟ್ಟಿ ಇರುವಾಗಲೇ ಮಸಾಲೆ ಹಚ್ಚಬೇಡಿ. ನಾನೂ ಒಮ್ಮೆ ಅವಸರಕ್ಕೆ ಹಚ್ಚಿದ್ದೆ. ಮಂಜು ಕರಗಿ, ಅರಿಶಿನ, ಖಾರ ಎಲ್ಲಾ ಕೆಂಪು ನೀರಾಗಿ ಪಾತ್ರೆಯ ತಳ ಸೇರಿತ್ತು. ತುಂಡು ಮಾತ್ರ ಸಪ್ಪೆ.

ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಶೆಲ್ಫ್‌ನಲ್ಲಿಡಿ, ಮಾಂಸದ ಕೆಳಗೆ ಒಂದು ಬಟ್ಟಲು ಇರಲಿ. ಅಡುಗೆಮನೆ ಕಟ್ಟೆ ಮೇಲೆ ಇಡೀ ದಿನ ಬಿಡಬೇಡಿ, ಕೆಡುತ್ತದೆ. ಬೆಳಿಗ್ಗೆ ಬಿಟ್ಟ ನೀರನ್ನು ಚೆಲ್ಲಿ, ತುಂಡುಗಳನ್ನು ಟಿಶ್ಯೂನಿಂದ ಒತ್ತಿ ಒರೆಸಿ. ಇದೊಂದು ಕೆಲಸ ತಪ್ಪಿಸಬೇಡಿ, ರುಚಿ ಇರುವುದೇ ಇಲ್ಲಿ.

ಒಂದು ಕೆಜಿಗೆ ಎರಡು ಚಿಕ್ಕ ಚಮಚ ಉಪ್ಪು, ಅರ್ಧ ಚಮಚ ಅರಿಶಿನ, ಎರಡು ಚಮಚ ಖಾರದ ಪುಡಿ. ಕೈಯಿಂದಲೇ ತಿಕ್ಕಿ. ಒಂದು ಗಂಟೆ ಸಾಕು. ಇನ್ನೂ ಜಾಸ್ತಿ ಹೊತ್ತು ಇಡುವುದಾದರೆ ಮತ್ತೆ ಫ್ರಿಜ್‌ನಲ್ಲೇ ಇಡಿ.

ಕಾಚಂಪುಳಿಯನ್ನು (ಕೊಡಗಿನ ಕಪ್ಪು ಹುಳಿ ರಸ) ಈಗಲೇ ಸುರಿಯಬೇಡಿ. ಅದು ತುಂಬಾ ಹುಳಿ. ಮಾಂಸ ಬೆಂದು, ಕಪ್ಪಗೆ ಹುರಿದ ಮಸಾಲೆ ಪುಡಿ ಹಾಕಿದ ಮೇಲೆ, ಕೊನೆಗೆ ಒಂದೆರಡು ಚಮಚ ಸಾಕು. ಆಗ ಸಾರು ಕಪ್ಪಗೆ ಮಿಂಚುತ್ತದೆ. ಅಂದಹಾಗೆ, ಕೊಬ್ಬನ್ನು ಕತ್ತರಿಸಿ ಎಸೆಯಬೇಡಿ ಮಾರಾಯ್ರೇ!